ಜೋಳಕ್ಕೆ ಜಾಗವಿಲ್ಲದ ಪಠ್ಯಪುಸ್ತಕ

ನಮ್ಮ ಸಂಘದ ಪತ್ರಿಕೆಯಲ್ಲಿ ಕಾದಂಬರಿಗಳ ವಿಮರ್ಶೆ ಬಂದಿದೆ, ಕವನ ಸಂಕಲನಗಳದು ಬಂದಿದೆ, ರಾಜ್ಯೋತ್ಸವದ ನಾಟಕಗಳದಂತೂ ತಪ್ಪದೆ ಬರುತ್ತದೆ. ಕಾಲೇಜಿನ ಪಠ್ಯಪುಸ್ತಕವೊಂದರ ವಿಮರ್ಶೆ ಬಂದುದು ನಮಗೆ ನೆನಪಿಲ್ಲ. ಪರೀಕ್ಷೆ ಮುಗಿದ ಮರುದಿನ ಮಾರಿಬಿಡುವ ವಸ್ತುವಿಗೆ ವಿಮರ್ಶೆಯ ಗೌರವವೇಕೆ ಎಂದು ಓದುಗರು ಕೇಳಬಹುದು. ಆದರೆ ಈ ಪುಸ್ತಕದ ವಿಷಯ ಪೋಷಣಶಾಸ್ತ್ರ. ಅಂದರೆ ನಾವು ನೀವೆಲ್ಲ ದಿನಾಲೂ ಕೂತು ಉಣ್ಣುವ ಊಟದ ವಿಷಯ. ಅದರಲ್ಲಿ ಬರೆದದ್ದು ಉತ್ತರಪತ್ರಿಕೆಯಲ್ಲಿಯೇ ನಿಲ್ಲದೆ ಅಡುಗೆಮನೆಯೊಳಕ್ಕೂ ಬರುತ್ತದೆ. ನಮ್ಮ ಮನೆಗೆ ಬಂದದ್ದು ಹಾಗೆಯೇ.

ನಮ್ಮ ಮಗಳು ಇಲ್ಲಿ ಹೈದರಾಬಾದಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿ ಪೋಷಣಶಾಸ್ತ್ರವನ್ನು ಒಂದು ವಿಷಯವಾಗಿ ಆರಿಸಿಕೊಂಡಳು. ಕೋಠಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಂದು ಭಾನುವಾರವನ್ನೆಲ್ಲ ಕಳೆದು, ಅವಳಿಗೆ ಬೇಕಾದ ಪ್ರಥಮ ಪುಸ್ತಕವನ್ನು ಅರ್ಧ ಬೆಲೆಗೆ ತಂದೆವು. ಪುಸ್ತಕದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಅದೇ ಅಂಗಡಿಯಲ್ಲಿ ಅದರ ಪಕ್ಕದಲ್ಲಿದ್ದ ಇನ್ನೆರಡನ್ನು ತಿರುವಿ ನೋಡಿದೆವು. ಅವೇ ಪಟ್ಟಿಗಳು, ಅವೇ ಅಂಕಿಗಳು, ಒಂದೆರಡು ಕಡೆ ಅವೇ ಅಚ್ಚಿನ ತಪ್ಪುಗಳು. ಮೂವರ ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದ್ದರಿಂದ ಇದನ್ನು 'ಕೋಠಿಯ ಪುಸ್ತಕ' ಎಂದೇ ಕರೆಯೋಣ.

ನಮ್ಮ ಯೋಗ್ಯತೆಯನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಪೋಷಣತಜ್ಞರಲ್ಲ. ಕಲಬುರಗಿಯಲ್ಲಿ ರಸಾಯನಶಾಸ್ತ್ರ ಸೇರಿದ ಬಿ.ಎಸ್ಸಿ. ಮಾಡಿ, ಆ ವಿದ್ಯೆಯ ಸೋಂಕೇ ಇಲ್ಲದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೇವೆ. ಆದರೆ ಗುಮಾಸ್ತಿಕೆಯಿಂದ ಒಂದು ಅಭ್ಯಾಸ ಬಂದಿದೆ. ಕಡತದಲ್ಲಿ ಯಾವುದೇ ಅಂಕಿ ಬರೆದರೂ ಅದು ಯಾವ ಪತ್ರದಿಂದ ಬಂತು, ಯಾವ ತಾರೀಖಿನದು ಎಂದು ಅಂಚಿನಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ ಸೆಕ್ಷನ್ ಆಫೀಸರು ಕಡತವನ್ನು ಹಿಂದಕ್ಕೆ ಎಸೆಯುತ್ತಾರೆ. ಈ ಪುಸ್ತಕವನ್ನು ನಾವು ಓದಿದ್ದು ಆ ಕಣ್ಣಿನಿಂದಲೇ.

ಗುಣವನ್ನು ಮೊದಲು ಹೇಳೋಣ. ಬಾಯಿಯಿಂದ ಕರುಳಿನವರೆಗೆ ಆಹಾರ ಹೋಗುವ ದಾರಿಯನ್ನು ಕೋಠಿಯ ಪುಸ್ತಕ ಚೆನ್ನಾಗಿ ವಿವರಿಸಿದೆ. ಚಿತ್ರಗಳು ಕಪ್ಪು-ಬಿಳುಪಾದರೂ ಸ್ಪಷ್ಟ. ವಾಕ್ಯಗಳು ಚಿಕ್ಕವು, ಇಂಗ್ಲಿಷಿನಲ್ಲಿ ಹೊಸದಾಗಿ ಓದುವ ಮಕ್ಕಳಿಗೆ ಅನುಕೂಲ. ಪ್ರತಿ ಅಧ್ಯಾಯದ ಕೊನೆಗೆ ಪ್ರಶ್ನೆಗಳಿವೆ, ಅವು ಪರೀಕ್ಷೆಯಲ್ಲಿ ಬರುತ್ತವೆಂದು ಮಗಳು ಪ್ರಮಾಣ ಮಾಡುತ್ತಾಳೆ. ಪಾಸಾಗಲು ಇಷ್ಟು ಸಾಕು.

ತಕರಾರು ಶುರುವಾದದ್ದು ನಮ್ಮ ಅವ್ವನಿಂದ. ಸೇಡಂ ತಾಲೂಕಿನ ಹಳ್ಳಿಯಿಂದ ಬಂದು ನಮ್ಮೊಂದಿಗಿರುವ ಆಕೆಗೆ ಎಪ್ಪತ್ತು ದಾಟಿದೆ, ಇಂದಿಗೂ ರಾತ್ರಿ ರೊಟ್ಟಿಯಿಲ್ಲದೆ ಊಟವಿಲ್ಲ. ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದುದನ್ನು ಕೇಳಿ, "ಏನವ್ವಾ, ನಿನ್ನ ಪುಸ್ತಕದಾಗ ರೊಟ್ಟಿ ಬಗ್ಗೆ ಏನಂತ ಬರದಾರ?" ಎಂದರು.

"ರೊಟ್ಟಿ ಬರದಿಲ್ಲ ಆಯಿ. ಬ್ರೆಡ್ಡು ಬರದಾರ, ಓಟ್ಸ್ ಬರದಾರ."

"ಮತ್ತ ಜ್ವಾಳ?"

ಜೋಳ ಸಿಕ್ಕಿತು, ಹಿಂದಿನ ಅನುಬಂಧದಲ್ಲಿ, ಪಟ್ಟಿಯ ಒಂದು ಸಾಲಿನಲ್ಲಿ. ನೂರು ಗ್ರಾಮಿಗೆ ಪ್ರೋಟೀನು 10.4 ಗ್ರಾಂ, ನಾರು 1.6 ಗ್ರಾಂ. ಅದೇ ಪುಸ್ತಕದ ನಡುವಣ ಅಧ್ಯಾಯದಲ್ಲಿ, ನಾರಿಗಾಗಿ ಓಟ್ಸ್ ತಿನ್ನಿರಿ ಎಂಬ ಉಪದೇಶವಿತ್ತು. ಮಗಳು ಎರಡನ್ನೂ ಕೂಡಿಸಿ, ಜೋಳದಲ್ಲಿ ನಾರು ಕಡಿಮೆ, ಆಯಿ ಓಟ್ಸ್ ತಿನ್ನುವುದು ಮೇಲು ಎಂಬ ತೀರ್ಮಾನಕ್ಕೆ ಬಂದಳು. ತರ್ಕದಲ್ಲಿ ತಪ್ಪಿಲ್ಲ. ತಪ್ಪಿದ್ದದ್ದು ಅಂಕಿಯಲ್ಲಿ, ಅಥವಾ ಅಂಕಿಯಲ್ಲೂ ಅಲ್ಲ, ಅದಕ್ಕೆ ಅಂಚಿನಲ್ಲಿ ಆಧಾರ ಬರೆಯದೆ ಬಿಟ್ಟದ್ದರಲ್ಲಿ.

ಈ 1.6 ಎಲ್ಲಿಂದ ಬಂತೆಂದು ಹುಡುಕಲು ನಾವು ಊರು ಬಿಟ್ಟು ಹೋಗಬೇಕಾಗಿರಲಿಲ್ಲ. ದೇಶದ ಆಹಾರದ ಲೆಕ್ಕವನ್ನೆಲ್ಲ ಇಟ್ಟಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ಇರುವುದು ಇದೇ ಊರಿನ ತಾರ್ನಾಕಾದಲ್ಲಿ. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಶುರುಮಾಡಿದ ಕೆಲಸವೇ ಬೆಳೆದು ಪೋಷಣ ಪ್ರಯೋಗಾಲಯವಾಯಿತು. 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಪಡೆಯಿತು. ಕೂನೂರಿನಲ್ಲಿದ್ದಾಗಲೇ, 1937ರಲ್ಲಿ, ಏಕ್ರಾಯ್ಡ್ ಎಂಬವರು ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಹೊರತಂದಿದ್ದರು. 1971ರಲ್ಲಿ ಗೋಪಾಲನ್ ಮತ್ತು ಸಂಗಡಿಗರು ಹೈದರಾಬಾದಿನಿಂದ ಹೊರತಂದ ಪಟ್ಟಿ 1989ರಲ್ಲಿ ಪರಿಷ್ಕಾರಗೊಂಡು, ದೇಶದ ಪಠ್ಯಪುಸ್ತಕಗಳಿಗೆಲ್ಲ ಅನ್ನದಾತವಾಯಿತು. ಕೋಠಿಯ ಪುಸ್ತಕದ ಅನುಬಂಧವೂ ಅದರದೇ ನಕಲು. ನಕಲು ಮಾಡಿದ್ದಕ್ಕೆ ಆಕ್ಷೇಪವಿಲ್ಲ. ನಕಲೆಂದು ಹೇಳಿ ಇಸವಿ ಬರೆಯಬೇಕಿತ್ತು.

ಏಕೆಂದರೆ 2017ರಲ್ಲಿ ಅದೇ ಸಂಸ್ಥೆ, ದೇಶದ ಆರು ವಲಯಗಳಿಂದ ಮಾದರಿಗಳನ್ನು ತರಿಸಿ, 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ ಹೊಸ ಪಟ್ಟಿ ಪ್ರಕಟಿಸಿತು. ಅದರಲ್ಲಿ ಜೋಳದ ನಾರು ಹತ್ತು ಗ್ರಾಮಿಗೂ ಮೇಲೆ. ರಾಗಿಯದು ಹಳೆಯದರಲ್ಲಿ 3.6, ಹೊಸದರಲ್ಲಿ ಹನ್ನೊಂದರ ಮೇಲೆ. ಹಾಗಾದರೆ ನಡುವಣ ವರ್ಷಗಳಲ್ಲಿ ಜೋಳಕ್ಕೆ ನಾರು ಬೆಳೆಯಿತೇ? ಇಲ್ಲ. ಹಿಂದೆ ಅಳೆಯುತ್ತಿದ್ದುದು ಕಚ್ಚಾ ನಾರು. ಪದಾರ್ಥವನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ, ಕೊನೆಗೆ ಉಳಿದದ್ದನ್ನು ತೂಗಿ, ಸುಟ್ಟು, ಬೂದಿಯ ತೂಕವನ್ನು ಕಳೆಯುವ ಕ್ರಮ ಅದು. ಮೂಲತಃ ದನಗಳ ಮೇವನ್ನು ಅಳೆಯಲು ಹುಟ್ಟಿದ ಈ ಕ್ರಮದಲ್ಲಿ ನಾರಿನ ಹೆಚ್ಚಿನ ಭಾಗ ಕುದಿಯುವಾಗಲೇ ಕರಗಿಹೋಗುತ್ತದೆ. ಮನುಷ್ಯರ ಕರುಳಿನಲ್ಲಿ ಜೀರ್ಣವಾಗದೆ ಉಳಿಯುವ ನಾರೇ ಬೇರೆ, ಅದನ್ನು ಅಳೆಯಲು ಕಿಣ್ವಗಳನ್ನು ಬಳಸುವ ಬೇರೆ ಕ್ರಮವಿದೆ. ಹೊಸ ಪಟ್ಟಿಯ ಅಂಕಿ ಅದು. ಒಂದು ಕಾಲಮ್ಮಿನ ತಲೆಯ ಮೇಲೆ 'ಕಚ್ಚಾ' ಎಂಬ ಎರಡಕ್ಷರ ಇದ್ದಿದ್ದರೆ ನಮ್ಮ ಅವ್ವನಿಗೆ ಓಟ್ಸಿನ ಗಂಜಿ ಕುಡಿಯುವ ಪ್ರಸಂಗ ಬರುತ್ತಿರಲಿಲ್ಲ. (ಅವರು ಕುಡಿಯಲಿಲ್ಲ, ಲೋಟ ಮುಸುರೆಗೆ ಹೋಯಿತು. ಅದು ಬೇರೆ ಮಾತು.)

ಜೋಳದ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳಲೇಬೇಕು. ನಯಾಸಿನ್ ಎಂಬ ಜೀವಸತ್ವದ ಅಧ್ಯಾಯದಲ್ಲಿ ಪೆಲ್ಲಾಗ್ರ ರೋಗದ ವಿವರವಿದೆ. ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಅಮೆರಿಕದ ದಕ್ಷಿಣ ಭಾಗದಲ್ಲಿ ಬಡವರು ಮೆಕ್ಕೆಜೋಳವನ್ನೇ ನಂಬಿ ಬದುಕುತ್ತಿದ್ದಾಗ ಈ ರೋಗ ಹರಡಿದ್ದು, ಅದು ಅಂಟುರೋಗವಲ್ಲ, ಊಟದ ಕೊರತೆಯೆಂದು ಗೋಲ್ಡ್‌ಬರ್ಗರ್ ಎಂಬ ವೈದ್ಯ ತೋರಿಸಿಕೊಟ್ಟದ್ದು, 1937ರಲ್ಲಿ ಎಲ್ವೆಯೆಮ್ ಎಂಬವರು ಅದಕ್ಕೆ ಮದ್ದಾದ ವಸ್ತುವನ್ನು ಗುರುತಿಸಿದ್ದು, ಎಲ್ಲವೂ ಇದೆ. ಸರಿಯಾಗಿಯೇ ಇದೆ. ಇಲ್ಲದಿರುವುದು ದಖ್ಖನ್ನಿನ ಕಥೆ. ಮೆಕ್ಕೆಜೋಳ ತಿನ್ನದ, ನಮ್ಮ ಬಿಳಿಜೋಳವನ್ನೇ ಉಂಡು ಬದುಕುವ ಬಡವರಲ್ಲಿಯೂ ಈ ರೋಗ ಕಾಣುತ್ತಿತ್ತು. ಇದೇ ಸಂಸ್ಥೆಯ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಅದಕ್ಕೊಂದು ಕಾರಣ ಸೂಚಿಸಿದರು: ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿದ್ದು, ಅದು ದೇಹದಲ್ಲಿ ನಯಾಸಿನ್ ಆಗುವ, ಬಳಕೆಯಾಗುವ ಕೆಲಸಕ್ಕೆ ಅಡ್ಡಬರುತ್ತದೆ ಎಂದು. ಬೇರೆ ದೇಶಗಳಲ್ಲಿ ಪ್ರಾಣಿಗಳ ಮೇಲೆ ನಡೆದ ಕೆಲವು ಪ್ರಯೋಗಗಳು ಇದನ್ನು ಸಮರ್ಥಿಸಲಿಲ್ಲ. ವಾದ ಬಹುಕಾಲ ನಡೆಯಿತು.

ಮೊದಲ ವರ್ಷದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ತನ್ನ ಊರಿನ ಧಾನ್ಯ, ತಾನಿರುವ ಊರಿನ ವಿಜ್ಞಾನಿಗಳು, ಒಂದು ಊಹೆ, ಅದಕ್ಕೆ ಎದುರಾದ ಸಾಕ್ಷ್ಯ. ಜೊತೆಗೆ, ಜೋಳದ ರೊಟ್ಟಿಯ ಪಕ್ಕಕ್ಕೆ ಬೇಳೆ, ಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ಮನೆಯಲ್ಲಿ ಈ ರೋಗ ಏಕೆ ಬರುವುದಿಲ್ಲ, ಬರೀ ರೊಟ್ಟಿ ಮೆಣಸಿನಕಾಯಿಯ ಮೇಲೆ ದಿನ ನೂಕುವ ಮನೆಗೆ ಏಕೆ ಬರುತ್ತಿತ್ತು ಎಂಬುದೂ ತಿಳಿಯುತ್ತಿತ್ತು. ಕೋಠಿಯ ಪುಸ್ತಕ ಅಮೆರಿಕದ ಕಥೆ ಹೇಳಿ ಮುಂದಕ್ಕೆ ಹೋಗಿಬಿಟ್ಟಿದೆ. ಇದು ತಪ್ಪಲ್ಲ ನಿಜ, ಆದರೆ ತಪ್ಪಿಗಿಂತ ದೊಡ್ಡ ನಷ್ಟ.

ಹೀಗೆ ನಾವು ಗೊಣಗುತ್ತಿದ್ದಾಗ ಮಗಳ ಅಧ್ಯಾಪಕಿ ಇನ್ನೊಂದು ಪುಸ್ತಕವನ್ನು ಸೂಚಿಸಿದರು. ಹವಾಯಿ ವಿಶ್ವವಿದ್ಯಾಲಯದ ಮನೋವಾ ಶಾಖೆಯವರು ತಮ್ಮ ಮೊದಲ ಹಂತದ ವಿದ್ಯಾರ್ಥಿಗಳಿಗಾಗಿ 2018ರಲ್ಲಿ ಹೊರತಂದು, 2020ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿದ 'ಹ್ಯೂಮನ್ ನ್ಯೂಟ್ರಿಷನ್'. ಇದನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಮೂಲದ ಹೆಸರು ಹೇಳಿ ನಕಲು ಮಾಡಬಹುದು, ತಿದ್ದಿ ಬೇರೆ ಪುಸ್ತಕವನ್ನೇ ಮಾಡಿಕೊಳ್ಳಬಹುದು. ಅಮೆರಿಕದ ಪುಸ್ತಕವೆಂದು ಮೂಗು ಮುರಿಯುತ್ತಲೇ ಶುರುಮಾಡಿದೆವು. ಕೊನೆಗೆ ಮೆಚ್ಚಿಕೊಂಡೆವು, ಆದರೆ ಷರತ್ತುಗಳೊಂದಿಗೆ.

ಮೆಚ್ಚಿಕೆಗೆ ಮೊದಲ ಕಾರಣ, ಅದು ತನ್ನ ನೆಲದ ಮೇಲೆ ನಿಂತು ಮಾತಾಡುತ್ತದೆ. ಅಧ್ಯಾಯಗಳ ಆರಂಭದಲ್ಲಿ ಹವಾಯಿ ಭಾಷೆಯ ಗಾದೆಗಳಿವೆ. ಅಲ್ಲಿಯ ಜನರ ಆಹಾರಗಳಿಗೆ ಜಾಗವಿದೆ. ಆ ದ್ವೀಪದವರ ಮುಖ್ಯ ಆಹಾರ ಕಲೋ ಎಂಬ ಗೆಡ್ಡೆ. ಅದನ್ನು ಬೇಯಿಸಿ ಕುಟ್ಟಿ ನೀರು ಬೆರೆಸಿ 'ಪೋಯಿ' ಎಂಬ ಹಿಟ್ಟು ಮಾಡುತ್ತಾರೆ, ಹುಳಿ ಬರಿಸಿಯೂ ತಿನ್ನುತ್ತಾರೆ. ಈ ಕಲೋ ಬೇರೆ ಯಾವುದೂ ಅಲ್ಲ, ನಮ್ಮ ಕೆಸುವೇ. ಅದರ ಎಲೆಯಲ್ಲಿಯೇ ನಮ್ಮ ಕರಾವಳಿಯ ಮಿತ್ರರು ಪತ್ರೊಡೆ ಮಾಡುವುದು. ಸಾವಿರಾರು ಮೈಲಿ ದೂರದ ಪಠ್ಯಪುಸ್ತಕದಲ್ಲಿ ಕೆಸುವಿಗೆ ಸಿಕ್ಕ ಮರ್ಯಾದೆ ನಮ್ಮೂರಿನ ಪಠ್ಯಪುಸ್ತಕದಲ್ಲಿ ಜೋಳಕ್ಕೆ ಸಿಗಲಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಯುರಿಯಾದದ್ದು ನಿಜ.

ಹದಿನೆಂಟು ಅಧ್ಯಾಯಗಳ ಜೋಡಣೆಯೂ ಯೋಚಿಸಿ ಮಾಡಿದ್ದು. ಮೂಲಭಾವನೆಗಳಾದ ಮೇಲೆ ದೇಹದ ರಚನೆ, ಅದಾದ ಕೂಡಲೇ ನೀರು ಮತ್ತು ಲವಣಗಳು. ಕೋಠಿಯ ಪುಸ್ತಕದಲ್ಲಿ ನೀರು ಕಡೆಯಲ್ಲೆಲ್ಲೋ ಒಂದೂವರೆ ಪುಟ. ಗರ್ಭಿಣಿಯಿಂದ ಮುದುಕರವರೆಗೆ ಒಂದೊಂದು ವಯಸ್ಸಿನ ಊಟವನ್ನೂ ವಿಸ್ತಾರವಾಗಿ ಹೇಳಿದ್ದಾರೆ. ಮದ್ಯಸಾರಕ್ಕೇ ಒಂದು ಪೂರ್ತಿ ಅಧ್ಯಾಯವಿರುವುದನ್ನು ಕಂಡು ಮಗಳು ನಕ್ಕಳು. ಆದರೆ ಓದಿದ ಮೇಲೆ, ನಮ್ಮಲ್ಲಿಯೂ ಇದ್ದರೆ ಕೆಟ್ಟದೇನಲ್ಲ ಎನ್ನಿಸಿತು.

ಈಗ ಷರತ್ತು. ಇದೇ ನಮ್ಮ ಮನೆಯ ನಿಜವಾದ ಪ್ರಸಂಗ.

ಕಳೆದ ವರ್ಷ ನಮ್ಮ ಮನೆಯವರಿಗೆ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.1 ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಆ 57ರಲ್ಲಿ ಒಬ್ಬರು ನಮ್ಮ ಮನೆಯಲ್ಲಿದ್ದರು, ಅಷ್ಟೆ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು, ಮೂಳೆಗೆಂದು ಸುಣ್ಣದ ಮಾತ್ರೆಯನ್ನೂ ಕೊಟ್ಟರು. ಮಗಳು ಆಗಷ್ಟೇ ಕಬ್ಬಿಣದ ಅಧ್ಯಾಯ ಮುಗಿಸಿದ್ದಳು. ಉತ್ಸಾಹದಿಂದ ಕೋಠಿಯ ಪುಸ್ತಕ ನೋಡಿ ಒಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: ಪಾಲಕ್, ಬೆಲ್ಲ, ಖರ್ಜೂರ. ಮನೆಯವರು ಪಾಲಕ್ ಪಲ್ಯ ಉಂಡು, ಎರಡೂ ಮಾತ್ರೆಗಳನ್ನು ಮರೆಯಬಾರದೆಂದು ಒಟ್ಟಿಗೇ ನುಂಗಿ, ಮೇಲೆ ಒಂದು ಕಪ್ ಚಹ ಕುಡಿಯುತ್ತಿದ್ದರು. ಎರಡು ತಿಂಗಳಾದರೂ ಹಿಮೋಗ್ಲೋಬಿನ್ ಕದಲಲಿಲ್ಲ.

ಎರಡನೆಯ ಸಲ ಹೋದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, "ಚಹ ಯಾವಾಗ ಕುಡಿತೀರಿ?" ಎಂದು. ಚಹದಲ್ಲಿರುವ ಒಗರಿನ ಪದಾರ್ಥಗಳು ಸಸ್ಯಾಹಾರದ ಕಬ್ಬಿಣವನ್ನು ಹಿಡಿದು ಕರುಳಿನಲ್ಲಿಯೇ ನಿಲ್ಲಿಸುತ್ತವೆ. ಸುಣ್ಣವೂ ಅಡ್ಡಿ ಮಾಡುತ್ತದೆ. ಪಾಲಕ್ಕಿನಲ್ಲಿರುವ ಕಬ್ಬಿಣ ದೇಹಕ್ಕೆ ಸೇರುವುದೂ ಅಷ್ಟಕ್ಕಷ್ಟೆ. ಲಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನಂಥವುಗಳಲ್ಲಿರುವ ಸಿ ಜೀವಸತ್ವ ಮಾತ್ರ ಸಹಾಯ ಮಾಡುತ್ತದೆ. ಎರಡು ಮಾತ್ರೆಗಳ ಹೊತ್ತು ಬೇರೆಯಾಯಿತು, ಊಟಕ್ಕೂ ಚಹಕ್ಕೂ ನಡುವೆ ಅಂತರ ಬಂತು, ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡುವುದು ಶುರುವಾಯಿತು. ಮೂರು ತಿಂಗಳಿಗೆ 10.9.

ಕೋಠಿಯ ಪುಸ್ತಕದಲ್ಲಿ ಇದಿರಲಿಲ್ಲವೇ ಎಂದು ಮತ್ತೆ ಹುಡುಕಿದೆವು. ಕಬ್ಬಿಣದ ಅಧ್ಯಾಯದಲ್ಲಿ ಎಷ್ಟು ಬೇಕು, ಯಾವುದರಲ್ಲಿ ಎಷ್ಟಿದೆ ಎಂಬುದಿದೆ. ತಟ್ಟೆಯಿಂದ ರಕ್ತಕ್ಕೆ ಎಷ್ಟು ಹೋಗುತ್ತದೆ ಎಂಬುದು ಒಂದು ವಾಕ್ಯ, ಅದೂ ಚಹದ ಹೆಸರಿಲ್ಲದೆ. ಸುಣ್ಣದ ಅಧ್ಯಾಯ ಇನ್ನೊಂದು ಕಡೆಯಿದೆ; ಅದು ಕಬ್ಬಿಣದ ಅಧ್ಯಾಯದೊಂದಿಗೆ ಮಾತು ಬಿಟ್ಟಂತಿದೆ. ಹವಾಯಿಯವರು ಇಲ್ಲಿ ಎಷ್ಟೋ ಮೇಲು. ಕಬ್ಬಿಣ ಹೀರಿಕೆಗೆ ನೆರವಾಗುವವು ಯಾವುವು, ತಡೆಯುವವು ಯಾವುವು ಎಂದು ವಿವರಿಸಿ, ತಡೆಯುವವುಗಳಲ್ಲಿ ಚಹ ಕಾಫಿ, ಧಾನ್ಯಗಳ ಫೈಟೇಟು, ಸುಣ್ಣ ಇವನ್ನೆಲ್ಲ ಹೇಳಿದ್ದಾರೆ.

ಆದರೆ ಅದೇ ಪುಸ್ತಕದಿಂದ ಮಗಳು ಒಂದು ಅಂಕಿಯನ್ನು ಎತ್ತಿ ತನ್ನ ಪ್ರಾಯೋಗಿಕ ಪುಸ್ತಕಕ್ಕೆ ಬರೆದುಕೊಂಡಳು: ವಯಸ್ಕ ಹೆಂಗಸಿಗೆ ದಿನಕ್ಕೆ 18 ಮಿಲಿಗ್ರಾಂ ಕಬ್ಬಿಣ. ನಮ್ಮ ಸಂಸ್ಥೆಯ 2020ರ ವರದಿಯಲ್ಲಿ ಅದೇ ವಯಸ್ಸಿನ ಹೆಂಗಸಿಗೆ 29. ಅಮೆರಿಕದ ಹೆಂಗಸಿಗಿಂತ ನಮ್ಮ ಹೆಂಗಸಿಗೆ ಒಂದೂವರೆ ಪಟ್ಟು ಹೆಚ್ಚು ರಕ್ತ ಬೇಕೇ? ಅಲ್ಲ. ಅಲ್ಲಿಯ ತಜ್ಞರು ಮಾಂಸ ಸೇರಿದ ಊಟವನ್ನು ಕಣ್ಣಮುಂದಿಟ್ಟುಕೊಂಡು, ತಿಂದ ಕಬ್ಬಿಣದಲ್ಲಿ ನೂರಕ್ಕೆ 18 ಪಾಲು ದೇಹಕ್ಕೆ ಸೇರುತ್ತದೆಂದು ಲೆಕ್ಕ ಹಿಡಿದಿದ್ದಾರೆ. ಇಲ್ಲಿಯವರು ಧಾನ್ಯವೇ ಹೆಚ್ಚಿರುವ ಊಟವನ್ನು ನೋಡಿ ನೂರಕ್ಕೆ 8 ಹಿಡಿದಿದ್ದಾರೆ. ಎರಡಂಕಿಯೂ ಸರಿ, ತಟ್ಟೆಗಳು ಬೇರೆ. ಹವಾಯಿಯ ಪುಸ್ತಕ ಕೆಸುವನ್ನು ಮರೆಯಲಿಲ್ಲ, ಆದರೆ ಅದರ ಅವಶ್ಯಕತೆಯ ಅಂಕಿಗಳೆಲ್ಲ ಅಮೆರಿಕದ ಸರಾಸರಿ ತಟ್ಟೆಯವು. ಅವರ ವಿದ್ಯಾರ್ಥಿಗಳಿಗೆ ಸರಿ. ನಮ್ಮ ಮಕ್ಕಳು ಅವನ್ನು ಹಾಗೆಯೇ ಎತ್ತಿಕೊಳ್ಳಬಾರದು.

ನಮ್ಮವರ ಅಂಕಿಗಳೂ ಕಲ್ಲಿನಲ್ಲಿ ಕೊರೆದವಲ್ಲ. ಹೆಂಗಸರ ಕಬ್ಬಿಣಕ್ಕೆ 1989ರಲ್ಲಿ 30 ಎಂದರು, 2010ರಲ್ಲಿ 21 ಎಂದರು, 2020ರಲ್ಲಿ 29 ಎಂದರು. ಸುಣ್ಣ 400ರಿಂದ 600ಕ್ಕೆ, ಅಲ್ಲಿಂದ 1000 ಮಿಲಿಗ್ರಾಮಿಗೆ ಏರಿತು. ಗಂಡಸಿನ ಮಾದರಿ ತೂಕ 60 ಕಿಲೋ ಇದ್ದದ್ದು 65 ಆಯಿತು. ಕೂತು ಕೆಲಸ ಮಾಡುವ ಗಂಡಸಿನ, ಅಂದರೆ ನಮ್ಮಂಥವರ, ಶಕ್ತಿಯ ಲೆಕ್ಕ ಮಾತ್ರ 2425ರಿಂದ 2320ಕ್ಕೆ, ಆಮೇಲೆ 2110 ಕಿಲೋಕ್ಯಾಲರಿಗೆ ಇಳಿಯಿತು. ಗುಮಾಸ್ತರ ತುತ್ತಿಗೆ ಎರಡು ಸಲ ಕತ್ತರಿ! ಕೋಠಿಯ ಪುಸ್ತಕ ಸುಣ್ಣಕ್ಕೆ 1989ರ ಅಂಕಿಯನ್ನೂ ಕಬ್ಬಿಣಕ್ಕೆ 2010ರದನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂರಿಸಿದೆ. ನಮ್ಮ ಕಚೇರಿಯಲ್ಲಿ ಹೀಗೆ ಎರಡು ವೇತನ ಆಯೋಗಗಳ ದರವನ್ನು ಒಂದೇ ಬಿಲ್ಲಿನಲ್ಲಿ ಹಾಕಿದ್ದರೆ ಮೆಮೊ ಬರುತ್ತಿತ್ತು.

ಇದಕ್ಕಿಂತ ಗಂಭೀರವಾದ ದೋಷ, ಶಿಫಾರಸು ಮಾಡಿದ ಪ್ರಮಾಣವೆಂದರೆ ಏನೆಂಬುದನ್ನೇ ಅದು ತಪ್ಪಾಗಿ ಹೇಳಿದ್ದು. "ಆರೋಗ್ಯಕ್ಕೆ ಬೇಕಾದ ಕನಿಷ್ಠ ಪ್ರಮಾಣ" ಎಂಬರ್ಥದ ವ್ಯಾಖ್ಯೆ ಕೊಟ್ಟಿದೆ. ನಿಜಸ್ಥಿತಿ ಅದಲ್ಲ. ಆರೋಗ್ಯವಂತರಾದ ನೂರು ಜನರಲ್ಲಿ 97-98 ಮಂದಿಗೆ ಸಾಲುವಂತೆ ಹಿಡಿದ ಉದಾರವಾದ ಅಂಕಿ ಅದು. ಅರ್ಧ ಜನಕ್ಕೆ ಸಾಲುವ ಸರಾಸರಿ ಅವಶ್ಯಕತೆ ಎಂಬ ಇನ್ನೊಂದು ಅಂಕಿಯನ್ನೂ 2020ರ ವರದಿ ಕೊಟ್ಟಿದೆ. ಹೆಂಗಸರ ಕಬ್ಬಿಣಕ್ಕೆ ಅದು 15. ಈ ಎರಡರ ಭೇದ ತಿಳಿಯದ ಹುಡುಗಿ, ಅಮ್ಮನ ಊಟದಲ್ಲಿ 29ರ ಬದಲು 22 ಸಿಕ್ಕಿದೆಯೆಂದು ಲೆಕ್ಕಹಾಕಿ, ಇದೇ ರೋಗಕ್ಕೆ ಕಾರಣವೆಂದು ಷರಾ ಬರೆದು, ಅದಕ್ಕೆ ಹತ್ತಕ್ಕೆ ಹತ್ತು ಅಂಕವನ್ನೂ ಪಡೆದು ಬರುತ್ತಾಳೆ. ಬಂದಳು.

ಪ್ರೋಟೀನಿನ ಅಧ್ಯಾಯದಲ್ಲಿ ರಸಾಯನಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ನಮಗೊಂದು ವೈಯಕ್ತಿಕ ದುಃಖವಿದೆ. ಪ್ರೋಟೀನನ್ನು ಅಳೆಯುವುದು ಹೇಗೆಂದು ಕೋಠಿಯ ಪುಸ್ತಕ ಹೇಳಿಲ್ಲ. ಕೋಪನ್‌ಹೇಗನ್ನಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ತೋರಿಸಿದ ಕ್ರಮದಂತೆ, ಪದಾರ್ಥವನ್ನು ಗಂಧಕಾಮ್ಲದಲ್ಲಿ ಬೇಯಿಸಿ ಸಾರಜನಕವನ್ನು ಅಳೆದು, 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನ ತೂಕದಲ್ಲಿ ಸುಮಾರು ನೂರಕ್ಕೆ 16 ಪಾಲು ಸಾರಜನಕವಿರುವುದರಿಂದ ಈ ಗುಣಕ. ಹಾಲಿಗೆ 6.38, ಅಕ್ಕಿಗೆ 5.95. ಅಂದರೆ ನಾವು ಪ್ರೋಟೀನು ಎಂದು ಓದುವ ಅಂಕಿ ನೇರವಾಗಿ ಪ್ರೋಟೀನಿನದಲ್ಲ, ಸಾರಜನಕದ್ದು. ಇದು ಒಣ ಪಾಂಡಿತ್ಯವೆಂದು ಯಾರಾದರೂ ಅಂದಾರು. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಎಂಬ, ಸಾರಜನಕ ತುಂಬಿದ, ಪ್ಲಾಸ್ಟಿಕ್ ಮಾಡಲು ಬಳಸುವ ವಸ್ತುವನ್ನು ಸೇರಿಸಿದರು. ಪರೀಕ್ಷೆಯಲ್ಲಿ ಪ್ರೋಟೀನು ಸರಿಯಾಗಿಯೇ ಬಂತು. ಆ ಪುಡಿ ಕುಡಿದು ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಮೂತ್ರಪಿಂಡದಲ್ಲಿ ಕಲ್ಲಾಗಿ ಕೆಲವು ಕೂಸುಗಳು ಸತ್ತವು. ಅಳತೆಯ ಕ್ರಮವನ್ನು ಬಲ್ಲವರೇ ಅದರ ಕಂಡಿಯನ್ನು ಹುಡುಕಿದ್ದು. ಗ್ರಾಹಕರಾಗುವ ನಮ್ಮ ಮಕ್ಕಳಿಗೂ ಅದು ತಿಳಿದಿರಬೇಕಲ್ಲವೇ?

ಸಣ್ಣ ಸಣ್ಣವು ಇನ್ನೂ ಇವೆ. ಕ್ಯಾಲರಿ ಮತ್ತು ಕಿಲೋಕ್ಯಾಲರಿ ಒಂದೇ ಪುಟದಲ್ಲಿ ಕಲಸುಮೇಲೋಗರ. ಸಾವಿರ ಪಟ್ಟಿನ ವ್ಯತ್ಯಾಸವೆಂಬ ಪರಿವೆಯಿಲ್ಲ. ತೂಕ-ಎತ್ತರದ ಸೂಚ್ಯಂಕ 25 ದಾಟಿದರೆ ಮಾತ್ರ ಅಧಿಕ ತೂಕ ಎಂದಿದೆ. ಏಷ್ಯದವರು 23ರಿಂದಲೇ ಎಚ್ಚರ ವಹಿಸಬೇಕೆಂಬ ಮಾತಿಲ್ಲ. ರಾಗಿಯ ಸುಣ್ಣವನ್ನು ಹಾಲಿನದಕ್ಕೆ ಹೋಲಿಸಿ ಮೂರು ಪಟ್ಟು ಎಂದು ಹೊಗಳಿದ್ದಾರೆ. ರಾಗಿಯಲ್ಲಿ ನೂರು ಗ್ರಾಮಿಗೆ ಹಳೆಯ ಪಟ್ಟಿಯಂತೆ 344, ಹೊಸದರಂತೆ 364 ಮಿಲಿಗ್ರಾಂ ಇರುವುದು ನಿಜ. ಆದರೆ ಅದು ಒಣ ಧಾನ್ಯದ ಲೆಕ್ಕ. ಹಾಲು ಬಹುಪಾಲು ನೀರೇ. ಒಣ ಹಿಟ್ಟಿಗೆ ನೀರು ಬೆರೆತು ಮುದ್ದೆಯಾದ ಮೇಲೆ ನೂರು ಗ್ರಾಮಿನ ಲೆಕ್ಕವೇ ಬೇರೆ, ಜೊತೆಗೆ ರಾಗಿಯ ಫೈಟೇಟು ಬೇರೆ. ಬಯಲುಸೀಮೆಯ ಮಿತ್ರರು ಮುನಿಯಬಾರದು. ರಾಗಿಯ ಹೆಚ್ಚುಗಾರಿಕೆಗೆ ಧಕ್ಕೆಯೇನಿಲ್ಲ, ತಕ್ಕಡಿ ಸರಿಯಿಲ್ಲ ಎಂದಷ್ಟೇ ನಮ್ಮ ಮಾತು. ಕೊನೆಯದಾಗಿ, ಪುಸ್ತಕಕ್ಕೆ ಪದಸೂಚಿಯೇ ಇಲ್ಲ. 'ಚಹ' ಎಲ್ಲಿದೆಯೆಂದು ಹುಡುಕಲು ನಾವು ಇಡೀ ಪುಸ್ತಕ ಓದಬೇಕಾಯಿತು. ಒಂದು ರೀತಿಯಲ್ಲಿ ಈ ವಿಮರ್ಶೆಗೆ ಅದೇ ಕಾರಣ.

ಹಾಗಾದರೆ ಮಕ್ಕಳಿಗೆ ಯಾವುದನ್ನು ಕೊಡಿಸಬೇಕೆಂದು ಈ ಪತ್ರಿಕೆಯ ತಂದೆತಾಯಿಗಳು ಕೇಳಿದರೆ, ನಮ್ಮ ಉತ್ತರ ಇದು. ಪರೀಕ್ಷೆಗೆ ಕೋಠಿಯ ಪುಸ್ತಕ ಬೇಡವೆನ್ನಲಾಗದು. ಪ್ರಶ್ನೆಪತ್ರಿಕೆ ತೆಗೆಯುವವರ ಮೇಜಿನ ಮೇಲೂ ಅದೇ ಇರುತ್ತದೆ. ಓದಿ ತಿಳಿಯುವುದಕ್ಕೆ ಹವಾಯಿಯದು. ಆದರೆ ಅದರಲ್ಲಿ ಅಂಕಿ ಬಂದಲ್ಲೆಲ್ಲ ನಿಂತು, ತಾರ್ನಾಕಾದ ಸಂಸ್ಥೆಯ 2017ರ ಆಹಾರ ಪಟ್ಟಿಯನ್ನೂ 2020ರ ಅವಶ್ಯಕತೆಯ ವರದಿಯನ್ನೂ ಪಕ್ಕಕ್ಕಿಟ್ಟುಕೊಂಡು ತಾಳೆ ನೋಡಬೇಕು. ತಿದ್ದಿಕೊಳ್ಳಲು ಹವಾಯಿಯವರ ಅಡ್ಡಿಯಿಲ್ಲವಾದ್ದರಿಂದ, ಕೆಸು ಇದ್ದಲ್ಲಿ ಜೋಳ, ರಾಗಿ, ತೊಗರಿ, ಪುಂಡಿಪಲ್ಯಗಳನ್ನು ಕೂರಿಸಿ, ಅಂಕಿಗಳನ್ನು ಬದಲಿಸಿ, ಕನ್ನಡದಲ್ಲಿ ಯಾರಾದರೂ ಅಧ್ಯಾಪಕರು ಅದನ್ನು ಮಾಡಿಕೊಡಬಾರದೇ ಎಂಬ ಆಸೆ ನಮಗಿದೆ. ನಮ್ಮ ಸಂಘದಲ್ಲಿಯೇ ಇಬ್ಬರು ನಿವೃತ್ತ ಪ್ರಾಧ್ಯಾಪಕಿಯರಿದ್ದಾರೆ. ಈ ಸಾಲು ಅವರ ಕಣ್ಣಿಗೆ ಬೀಳಲಿ.

ಫ್ರಿಜ್ಜಿನ ಬಾಗಿಲಿನ ಪಟ್ಟಿ ಈಗ ಬದಲಾಗಿದೆ. ಮಗಳು ಪ್ರತಿ ಅಂಕಿಯ ಪಕ್ಕದಲ್ಲಿ ಇಸವಿ, ಒಣದೋ ಬೆಂದದ್ದೋ ಎಂಬ ಗುರುತು ಹಾಕಿದ್ದಾಳೆ. ಅವ್ವ ಅದರ ಮುಂದೆ ನಿಂತು, "ಜ್ವಾಳ ಎಲ್ಲದ, ತೋರ್ಸು" ಎಂದರು. ತೋರಿಸಿದಳು. ಕೋಠಿಯ ಪುಸ್ತಕವನ್ನು ಪರೀಕ್ಷೆಯಾದ ಮೇಲೆ ಅದೇ ಅಂಗಡಿಗೆ ಮಾರುವುದೆಂದು ಗೊತ್ತಾಗಿದೆ. ಅಂಚಿನ ತುಂಬ ನಮ್ಮ ಕೆಂಪು ಪೆನ್ಸಿಲಿನ ಗೀಟುಗಳಿರುವುದರಿಂದ ಅಂಗಡಿಯವನು ಇನ್ನಷ್ಟು ಬೆಲೆ ಕಡಿತ ಮಾಡುತ್ತಾನೆಂದು ಮನೆಯವರು ಈಗಲೇ ಗೊಣಗುತ್ತಿದ್ದಾರೆ.